ಸೆಲ್ಲಾ ತೆಗೆದ ಚಿತ್ರಗಳಲ್ಲಿ ಪರ್ವತಗಳು ಅಷ್ಟು ಎತ್ತರವಾಗಿ ಕಾಣುವುದೇಕೆ?

ಪ್ರಶ್ನೆ – ಧಾರವಾಡದ ಚಾರಣಿಗ

ಸಿಕ್ಕಿಮಿನ ಗೋಯೆಚಾ ಲಾ ಚಾರಣ ಮುಗಿಸಿ ಬಂದ ಮೇಲೆ, ಇಟಲಿಯ ಛಾಯಾಗ್ರಾಹಕ ವಿಟ್ಟೋರಿಯೊ ಸೆಲ್ಲಾ (1859–1943) ಅವರು 1899ರಲ್ಲಿ ಕಾಂಚನಜುಂಗಾದ ಸುತ್ತ ತೆಗೆದ ಚಿತ್ರಗಳನ್ನು ಬಿಡುವಾದಾಗಲೆಲ್ಲ ನೋಡುತ್ತಿದ್ದೇನೆ. ಅವುಗಳಲ್ಲಿ ಸಿನಿಯೋಲ್ಚು ಶಿಖರದ ಚಿತ್ರವಂತೂ ಕಣ್ಣಿಗೆ ಕಟ್ಟಿದಂತಿದೆ: ನೆತ್ತಿಯ ಏಣು ಕತ್ತಿಯಂತೆ ತೆಳ್ಳಗಿದೆ, ಅದರ ಕೆಳಗೆ ಹಿಮದ ಮೇಲೆ ಬಾಚಣಿಗೆ ಎಳೆದಂತಿರುವ ಗೀರುಗಳನ್ನು ಒಂದೊಂದಾಗಿ ಎಣಿಸಬಹುದು. ನನ್ನ ಡಿಜಿಟಲ್ ಚಿತ್ರಗಳಲ್ಲಿ ಬಣ್ಣವೂ ಇದೆ, ಸ್ಪಷ್ಟತೆಯೂ ಇದೆ; ಆದರೆ ಪರ್ವತಗಳು ಕುಳ್ಳಾಗಿ, ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಇದಕ್ಕೆ ಕಾರಣ ಲೆನ್ಸೋ, ಫಿಲ್ಮಿನ ಬದಲು ಅವರು ಬಳಸುತ್ತಿದ್ದ ಗಾಜಿನ ಪ್ಲೇಟಿನ ಗಾತ್ರವೋ, ಕಪ್ಪು-ಬಿಳುಪೋ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 – ಹಳೆಯ ಟ್ರೈಪಾಡು

ಮೂರೂ ಸ್ವಲ್ಪ ಸ್ವಲ್ಪ ಇರಬಹುದು. ನನ್ನ ಲೆಕ್ಕದಲ್ಲಿ ಮುಖ್ಯ ಕಾರಣ ಅವರು ನಿಂತ ಜಾಗ. ನಂಜನಗೂಡಿನ ಗೋಪುರದ ಬುಡದಲ್ಲಿ ನಿಂತು ಕತ್ತೆತ್ತಿದರೆ ಕೆಳಗಿನ ಅಂತಸ್ತು ದೊಡ್ಡದಾಗಿ, ಕಳಶಗಳು ಪುಟ್ಟದಾಗಿ, ಇಡೀ ಗೋಪುರ ಹಿಂದಕ್ಕೆ ಸರಿದಂತೆ ಕಾಣುತ್ತದೆ; ದೂರದ ಮಹಡಿಯೊಂದನ್ನು ಹತ್ತಿ ನೋಡಿದರೆ ಅದೇ ಗೋಪುರ ನೆಟ್ಟಗೆ ನಿಲ್ಲುತ್ತದೆ. ನಾವು ಕಣಿವೆಯ ದಾರಿಯಿಂದ ಕ್ಯಾಮೆರಾವನ್ನು ಮೇಲಕ್ಕೆ ತಿರುಗಿಸುತ್ತೇವೆ. ಸೆಲ್ಲಾ ಮೊದಲು ಪರ್ವತಾರೋಹಿ, 1882ರ ಮಾರ್ಚಿನಲ್ಲಿ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರವನ್ನು ಚಳಿಗಾಲದಲ್ಲಿ ಮೊದಲ ಬಾರಿಗೆ ಏರಿದವರು. ಹೀಗಾಗಿ ಒಂದು ಶಿಖರದ ಚಿತ್ರಕ್ಕಾಗಿ ಎದುರಿನ ಇಳಿಜಾರನ್ನೇ ಹತ್ತುವುದು ಅವರಿಗೆ ಸಾಧ್ಯವಿತ್ತು. ಇನ್ನೊಂದು ಮಾತು: ಅವರ ಹಲವು ಚಿತ್ರಗಳಲ್ಲಿ ಹಿಮನದಿಯ ಮೇಲೆ ಇರುವೆಗಳಷ್ಟು ಚಿಕ್ಕದಾಗಿ ಮನುಷ್ಯರಿರುತ್ತಾರೆ. ಅವರನ್ನು ಬೆರಳಿನಿಂದ ಮುಚ್ಚಿ ನೋಡಿ, ಪರ್ವತ ತಕ್ಷಣ ಅರ್ಧಕ್ಕಿಳಿಯುತ್ತದೆ.

ಉತ್ತರ 2 – ಸ್ಟುಡಿಯೋ ಮನೆಯವಳು

ಜಾಗದ ಮಾತು ಸರಿ, ಆದರೆ ಪ್ಲೇಟನ್ನು ಅಷ್ಟು ಸುಲಭವಾಗಿ ಬದಿಗೆ ಸರಿಸಲಾಗದು. ಆಲ್ಪ್ಸ್ ಪರ್ವತಗಳಲ್ಲಿ ಅವರು ಬಳಸಿದ್ದು 30×40 ಸೆಂಟಿಮೀಟರಿನ ಗಾಜು. ಎರಡೂವರೆ ಮಿಲಿಮೀಟರ್ ದಪ್ಪವೆಂದು ಹಿಡಿದರೂ ಒಂದೊಂದು ಮುಕ್ಕಾಲು ಕಿಲೋ ತೂಗುತ್ತದೆ. ಹಿಮಾಲಯದ ಹೊತ್ತಿಗೆ ಚಿಕ್ಕ ಪ್ಲೇಟುಗಳು ಬಂದಿದ್ದವಾದರೂ ಅವೂ ನಿಮ್ಮ ಡಿಜಿಟಲ್ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿಗಿಂತ ಎಷ್ಟೋ ಪಾಲು ದೊಡ್ಡವು. ಹಿಗ್ಗಿಸದೆ ನೇರವಾಗಿ ಅಚ್ಚು ಹಾಕಿದಾಗ ಹಿಮದ ಒಂದು ಗೀರೂ ಕಳೆದುಹೋಗುವುದಿಲ್ಲ. ನಮ್ಮ ತಾತನ ಸ್ಟುಡಿಯೋದಲ್ಲಿ ಉಳಿದಿದ್ದ ಕೆಲವು ಪ್ಲೇಟುಗಳನ್ನು ನಾನು ಕತ್ತಲಲ್ಲಿ ಕ್ಯಾಮೆರಾಗೆ ತುಂಬಿದ್ದೇನೆ. ಬೆಳಕಿಗೆ ಸ್ಪಂದಿಸುವ ಮಸಾಲೆ ಬಳಿದಿರುವ ಬದಿ ಯಾವುದೆಂದು ತಿಳಿಯಲು ಮೂಲೆಯನ್ನು ಒದ್ದೆ ತುಟಿಗೆ ತಾಗಿಸಬೇಕು, ಅಂಟಿದರೆ ಅದೇ ಬದಿ. ಬೆಚ್ಚನೆಯ ಕೋಣೆಯಲ್ಲೇ ಎರಡು ಪ್ಲೇಟು ಒಡೆದವಳಿಗೆ, ಮರಗಟ್ಟಿದ ಬೆರಳುಗಳಿಂದ ಡೇರೆಯೊಳಗೆ ಅದೇ ಕೆಲಸ ಮಾಡಿದವರನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ.

ಆಗಿನ ಪ್ಲೇಟುಗಳಿಗೆ ನೀಲಿ ಬಣ್ಣ ಅತಿಯಾಗಿ ತಾಗುತ್ತಿದ್ದುದರಿಂದ ಆಕಾಶ ಬೆಳ್ಳಗಾಗಿ ಹಿಮದೊಡನೆ ಬೆರೆತುಹೋಗುವ ಅಪಾಯವಿತ್ತು. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರಲ್ಲಿ ಅಲ್ಲಿನ ಹಾಫ್ ಡೋಮ್ ಬಂಡೆಯ ಚಿತ್ರಕ್ಕೆ ಕಡುಕೆಂಪು ಫಿಲ್ಟರ್ ಹಾಕಿ ಆಕಾಶವನ್ನು ಕಪ್ಪಾಗಿಸಿದರು. ಆ ನಾಟಕೀಯತೆ ಸೆಲ್ಲಾ ಅವರಲ್ಲಿಲ್ಲ, ಆದ್ದರಿಂದಲೇ ನನಗೆ ಅವರು ಒಂದು ಕೈ ಮೇಲು.

ಉತ್ತರ 3 – ಉತ್ತರಾಭಿಮುಖಿ

ಈ ಗಾಜನ್ನೂ ಸಾಮಾನನ್ನೂ ಹೊತ್ತವರ ಮಾತನ್ನು ಯಾರೂ ಎತ್ತಲಿಲ್ಲ. ಬ್ರಿಟಿಷ್ ಪರ್ವತಾರೋಹಿ ಡಗ್ಲಸ್ ಫ್ರೆಶ್‌ಫೀಲ್ಡ್ ನೇತೃತ್ವದ ಆ 1899ರ ತಂಡ ಡಾರ್ಜಿಲಿಂಗಿನಿಂದ ಹೊರಟು, ಆರು ಸಾವಿರ ಮೀಟರಿಗೂ ಎತ್ತರದ ಜೊನ್ಸಾಂಗ್ ಲಾ ಎಂಬ ಕಣಿವೆದಾರಿ ದಾಟಿ ಕಾಂಚನಜುಂಗಾವನ್ನು ಸುತ್ತು ಹಾಕಿದ್ದು ಕೂಲಿಯಾಳುಗಳ ಬೆನ್ನ ಮೇಲೆ. ದಾರಿ ಬಲ್ಲ ಸರ್ವೇ ಇಲಾಖೆಯ ರಿಂಜಿನ್ ನಮ್‌ಗ್ಯಾಲ್ ಅವರೂ ಜೊತೆಗಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಡಾರ್ಜಿಲಿಂಗಿನ ಗುಡ್ಡಗಳನ್ನು ಕುಸಿಯುವಂತೆ ಮಾಡಿದ ಮಳೆಗಾಳಿಯೇ ಝೆಮು ಹಿಮನದಿಯಲ್ಲಿ ಇವರ ಮೇಲೆ ದಟ್ಟ ಹಿಮ ಸುರಿಸಿತು. ಚಿತ್ರಗಳ ಆ ಹೊಸ ಬಿಳುಪಿನಲ್ಲಿ ಆ ಬಿರುಗಾಳಿಯ ಪಾಲೂ ಇದೆ.

ಪ್ರಶ್ನಿಸಿದವರ ಮರುಮಾತು

ಬೆರಳಿನಿಂದ ಮುಚ್ಚಿ ನೋಡಿದೆ, ಹೇಳಿದಂತೆಯೇ ಆಯಿತು. ನನ್ನ ಗೋಯೆಚಾ ಲಾ ಚಿತ್ರಗಳನ್ನೂ ಮತ್ತೆ ತೆರೆದೆ: ನೂರಾ ನಲವತ್ತರಲ್ಲಿ ಒಂದರಲ್ಲೂ ಮನುಷ್ಯರಿಲ್ಲ, ಅಡ್ಡ ಬಂದವರನ್ನೆಲ್ಲ ನಾನೇ ಸರಿಯಲು ಹೇಳಿದ್ದೆ.