ಹಳೆಯ ಲ್ಯಾಪ್‌ಟಾಪಿಗೆ ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್ ಜೋಡಿಸಿದರೆ ವೀರಗಲ್ಲುಗಳ ಮೂರು ಆಯಾಮದ ಮಾದರಿ ಮಾಡಲು ಸಾಧ್ಯವೇ?

ಮುಳಬಾಗಿಲಿನ ಮೇಷ್ಟ್ರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ರಜೆಯ ದಿನಗಳಲ್ಲಿ ಆವನಿಯ ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಹೊಂಗೆಮರದ ಬುಡದಲ್ಲಿ ನಿಂತಿರುವ ವೀರಗಲ್ಲುಗಳ ಚಿತ್ರ ತೆಗೆಯುತ್ತ ಬಂದಿದ್ದೇನೆ. ಇವುಗಳಲ್ಲಿ ಕೆಲವು ಅರ್ಧದಷ್ಟು ಮಣ್ಣಿನಲ್ಲಿ ಹೂತಿವೆ, ಕೆಲವಕ್ಕೆ ಸುಣ್ಣ ಬಳಿದಿದ್ದಾರೆ, ಇನ್ನು ಕೆಲವು ನಾನು ಮತ್ತೊಮ್ಮೆ ಹೋಗುವಷ್ಟರಲ್ಲಿ ಜಾಗದಲ್ಲೇ ಇರುವುದಿಲ್ಲ. ಆದ್ದರಿಂದ ಬರಿಯ ಚಿತ್ರಕ್ಕಿಂತ ಮೂರು ಆಯಾಮದ ಮಾದರಿಯನ್ನೇ ಮಾಡಿಟ್ಟುಕೊಳ್ಳಬೇಕೆಂಬ ಆಸೆ ಹುಟ್ಟಿದೆ. ಕಲ್ಲಿನ ಸುತ್ತ ನಡೆಯುತ್ತ ಮೊಬೈಲಿನಲ್ಲಿ ನೂರಿಪ್ಪತ್ತು ಚಿತ್ರ ತೆಗೆದು ಮೆಶ್‌ರೂಮ್ ಎಂಬ ಉಚಿತ ತಂತ್ರಾಂಶಕ್ಕೆ ಒಪ್ಪಿಸಿದರೆ ಅದು ಅಂಥ ಮಾದರಿಯನ್ನು ಕಟ್ಟಿಕೊಡುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಸವೆದ ಅಕ್ಷರಗಳ ಮೇಲೆ, ಮಾದರಿಯಲ್ಲಾದರೆ ನಮಗೆ ಬೇಕಾದ ಪಕ್ಕದಿಂದ ಬೆಳಕು ಬಿಟ್ಟು ನೋಡಬಹುದು.

ತೊಂದರೆ ಇರುವುದು ನನ್ನ ಲ್ಯಾಪ್‌ಟಾಪಿನಲ್ಲಿ. ಅದು 2012ರ ಥಿಂಕ್‌ಪ್ಯಾಡ್ ಟಿ430. ಮೂರನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಇಂಟೆಲ್‌ನ ಒಳಗಿನ ಗ್ರಾಫಿಕ್ಸ್. ಚಿತ್ರಗಳನ್ನು ಒಂದಕ್ಕೊಂದು ಹೊಂದಿಸಿ, ಯಾವ ಚಿತ್ರವನ್ನು ಎಲ್ಲಿ ನಿಂತು ತೆಗೆದದ್ದೆಂದು ಲೆಕ್ಕ ಹಾಕುವ ಮೊದಲ ಹಂತಗಳು ರಾತ್ರಿಯಿಡೀ ಓಡಿ ಬೆಳಗಿನ ಹೊತ್ತಿಗೆ ಮುಗಿಯುತ್ತವೆ. ಆಮೇಲಿನ ಆಳ ಅಳೆಯುವ ಹಂತಕ್ಕೆ, ಅಂದರೆ ಚಿತ್ರದ ಒಂದೊಂದು ಬಿಂದುವೂ ಕ್ಯಾಮೆರಾದಿಂದ ಎಷ್ಟು ದೂರವಿದೆಯೆಂದು ಲೆಕ್ಕ ಹಾಕುವುದಕ್ಕೆ, ಎನ್‌ವಿಡಿಯಾ ಕಂಪನಿಯ ಕುಡಾ (ಗ್ರಾಫಿಕ್ಸ್ ಕಾರ್ಡಿನಲ್ಲಿ ಲೆಕ್ಕಾಚಾರ ನಡೆಸುವ ವ್ಯವಸ್ಥೆ) ಇರುವ ಕಾರ್ಡು ಬೇಕೇ ಬೇಕು. ಅದಿಲ್ಲದೆ ಕೆಲಸ ಮುಂದೆ ಸಾಗುವುದಿಲ್ಲ. ಆ ಹಂತವನ್ನು ಬಿಟ್ಟು ಒರಟು ಮಾದರಿ ಮಾಡುವ ದಾರಿಯೂ ಇದೆ, ಆದರೆ ಅದರಲ್ಲಿ ವೀರನ ಕತ್ತಿ ಹಿಡಿದ ಕೈಯೂ ಕುದುರೆಯ ಕತ್ತೂ ಕರಗಿದ ಬೆಲ್ಲದಂತೆ ಒಂದಾಗಿಬಿಡುತ್ತವೆ.

ಲ್ಯಾಪ್‌ಟಾಪಿನ ಪಕ್ಕದಲ್ಲಿ ಎಕ್ಸ್‌ಪ್ರೆಸ್‌ಕಾರ್ಡ್ ಕಿಂಡಿ ಇದೆ. ಅದರ ಮೂಲಕ ಡೆಸ್ಕ್‌ಟಾಪಿನ ಗ್ರಾಫಿಕ್ಸ್ ಕಾರ್ಡನ್ನು ಹೊರಗಿನಿಂದ ಜೋಡಿಸಬಹುದೆಂದು ಕೇಳಿದೆ. ಮಗಳು ಈ ವರ್ಷ ಕಾಲೇಜಿಗೆ ಸೇರಿರುವುದರಿಂದ ಹೊಸ ಕಂಪ್ಯೂಟರ್ ಕೊಳ್ಳುವ ಮಾತು ಸದ್ಯಕ್ಕಿಲ್ಲ. ಇಷ್ಟು ಹಳೆಯ ಯಂತ್ರಕ್ಕೆ ಹೀಗೆ ಜೋಡಿಸಿದರೆ ನಿಜವಾಗಿ ಪ್ರಯೋಜನವಾಗುವುದೇ, ಅಥವಾ ಹಣ ಮಣ್ಣುಪಾಲಾಗುವುದೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಬಂಗಾರಪೇಟೆ ರಿಪೇರಿ:

ನಮಸ್ಕಾರ ಮೇಷ್ಟ್ರೇ. ಈ ಕೆಲಸವನ್ನು ನಾನು ಮೂರ್ನಾಲ್ಕು ಲ್ಯಾಪ್‌ಟಾಪುಗಳಿಗೆ ಮಾಡಿಕೊಟ್ಟಿದ್ದೇನೆ. ಆಟ ಆಡುವುದಕ್ಕೆಂದು ಕೇಳಿಕೊಂಡು ಬಂದವರಿಗೆ ಬೇಡವೆಂದೇ ಹೇಳಿ ಕಳುಹಿಸಿದ್ದೂ ಉಂಟು. ನಿಮ್ಮ ಕೆಲಸಕ್ಕೆ ಮಾತ್ರ ಧೈರ್ಯವಾಗಿ ಮಾಡಿ ಎನ್ನುತ್ತೇನೆ. ಹೀಗೆ ಭೇದ ಮಾಡುವುದಕ್ಕೆ ಕಾರಣವಿದೆ.

ಎಕ್ಸ್‌ಪ್ರೆಸ್‌ಕಾರ್ಡ್ ಕಿಂಡಿಯ ಹಿಂದೆ ಇರುವುದು ಪಿಸಿಐ ಎಕ್ಸ್‌ಪ್ರೆಸ್‌ನ (ಕಂಪ್ಯೂಟರಿನೊಳಗೆ ಕಾರ್ಡುಗಳಿಗೆ ಮಾಹಿತಿ ಒಯ್ಯುವ ದಾರಿಯ) ಒಂದೇ ಒಂದು ಲೇನ್, ಅಂದರೆ ಒಂದೇ ಸಾಲು. ಟಿ430ರಲ್ಲಿ ಅದು ಎರಡನೇ ತಲೆಮಾರಿನದು, ಅಂದರೆ ಒಂದೊಂದು ದಿಕ್ಕಿಗೆ ಸೆಕೆಂಡಿಗೆ ಹೆಚ್ಚೆಂದರೆ 500 ಎಂಬಿ. ಅದೇ ಕಾರ್ಡು ಡೆಸ್ಕ್‌ಟಾಪಿನ ಹದಿನಾರು ಲೇನಿನ ಮೂರನೇ ತಲೆಮಾರಿನ ಸ್ಲಾಟಿನಲ್ಲಿ ಕುಳಿತರೆ ಸೆಕೆಂಡಿಗೆ ಸುಮಾರು 16 ಜಿಬಿ ಸಿಗುತ್ತದೆ. ಸುಮಾರು ಮೂವತ್ತೆರಡು ಪಟ್ಟು ವ್ಯತ್ಯಾಸ. ಆಟವಾಡುವಾಗ ಪ್ರೊಸೆಸರು ಕಾರ್ಡಿಗೆ ಎಡೆಬಿಡದೆ ಹೊಸ ಮಾಹಿತಿ ಕಳುಹಿಸುತ್ತಲೇ ಇರಬೇಕು. ಸಾಲದೆಂಬಂತೆ, ಲ್ಯಾಪ್‌ಟಾಪಿನ ಪರದೆಯ ಮೇಲೆಯೇ ನೋಡಬೇಕೆಂದರೆ ತಯಾರಾದ ಚಿತ್ರವೂ ಇದೇ ದಾರಿಯಲ್ಲಿ ಹಿಂದಿರುಗಬೇಕು. 1920ಕ್ಕೆ 1080ರ ಒಂದು ಚೌಕಟ್ಟೆಂದರೆ ಸುಮಾರು 8 ಎಂಬಿ, ಸೆಕೆಂಡಿಗೆ ಅರವತ್ತು ಚೌಕಟ್ಟೆಂದರೆ 500 ಎಂಬಿ. ಹಿಂದಿರುಗುವ ದಾರಿ ಅಷ್ಟಕ್ಕೇ ತುಂಬಿಹೋಗುತ್ತದೆ. ಅದಕ್ಕಾಗಿಯೇ ಹೀಗೆ ಆಡುವವರು ಮಾನಿಟರನ್ನು ನೇರವಾಗಿ ಕಾರ್ಡಿಗೇ ಸಿಕ್ಕಿಸಿಕೊಳ್ಳುತ್ತಾರೆ.

ನಿಮ್ಮದು ಅಂಥ ಕೆಲಸವಲ್ಲ. 12 ಮೆಗಾಪಿಕ್ಸೆಲ್‌ನ ಒಂದು ಚಿತ್ರವನ್ನು ಬಿಡಿಸಿದರೆ 36 ಎಂಬಿ ಆಗುತ್ತದೆ. ಪ್ರತಿಯೊಂದು ಚಿತ್ರದ ಆಳ ಅಳೆಯಲು ಅದರ ಜೊತೆಗೆ ನೆರೆಯ ಹತ್ತು ಚಿತ್ರಗಳನ್ನೂ ಕಾರ್ಡಿಗೆ ಕಳುಹಿಸಬೇಕೆಂದು ಇಟ್ಟುಕೊಳ್ಳೋಣ. ನೂರಿಪ್ಪತ್ತು ಚಿತ್ರಗಳಿಗೆ ಒಟ್ಟು 48 ಜಿಬಿಯ ಆಸುಪಾಸು. ದಾರಿಯಲ್ಲಿ ನಿಜಕ್ಕೂ ಸಿಗುವುದು 400 ಎಂಬಿ ಎಂದರೂ ಎರಡು ನಿಮಿಷ. ನನ್ನ ಲೆಕ್ಕ ನಾಲ್ಕು ಪಟ್ಟು ತಪ್ಪಿದರೂ ಎಂಟು ನಿಮಿಷ. ಗಂಟೆಗಟ್ಟಲೆ ನಡೆಯುವ ಲೆಕ್ಕಾಚಾರವೆಲ್ಲ ಕಾರ್ಡಿನ ಒಳಗೇ ನಡೆಯುವುದರಿಂದ ದಾರಿ ಕಿರಿದಾದರೂ ನಿಮಗೆ ಅಷ್ಟಾಗಿ ತಟ್ಟುವುದಿಲ್ಲ. ಮಾನಿಟರೂ ಬೇಕಿಲ್ಲ, ಕುಡಾ ಲೆಕ್ಕ ಮಾಡುವ ಕಾರ್ಡಿಗೆ ಪರದೆಯ ಹಂಗಿಲ್ಲ, ನಿಮ್ಮ ಪರದೆಯನ್ನು ಇಂಟೆಲ್ ಗ್ರಾಫಿಕ್ಸೇ ನೋಡಿಕೊಳ್ಳುತ್ತದೆ.

ಬೇಕಾಗುವ ಸಾಮಾನು ಮೂರೇ: ಎಕ್ಸ್‌ಪ್ರೆಸ್‌ಕಾರ್ಡ್ ತಂತಿ ಇರುವ ಅಡಾಪ್ಟರ್ ಬೋರ್ಡು, ಡೆಸ್ಕ್‌ಟಾಪಿನ ಒಂದು ಒಳ್ಳೆಯ ಪವರ್ ಸಪ್ಲೈ, ಮತ್ತು ಕಾರ್ಡು. ಜಿಟಿಎಕ್ಸ್ 1050 ಟಿಐಯಂತಹ 75 ವ್ಯಾಟಿನ ಕಾರ್ಡಾದರೆ ಸ್ಲಾಟಿನಿಂದಲೇ ವಿದ್ಯುತ್ ಪಡೆಯುತ್ತದೆ, ಬೇರೆ ಪ್ಲಗ್ ಬೇಡ. ಪವರ್ ಸಪ್ಲೈನಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಹೆಸರಿಲ್ಲದ ಒಂದನ್ನು ಹಾಕಿ, ಗಿರಾಕಿಯ ಕಾರ್ಡು ಸುಟ್ಟು, ಅದರ ಬೆಲೆಯನ್ನು ನಾನೇ ಕಟ್ಟಿಕೊಟ್ಟಿದ್ದೇನೆ.

ಮೊದಲು ಕಾರ್ಡಿನ ಪವರ್ ಹಾಕಿ, ಆಮೇಲೆ ಲ್ಯಾಪ್‌ಟಾಪ್ ಶುರು ಮಾಡಿ. ತೆಗೆಯುವಾಗ ಲ್ಯಾಪ್‌ಟಾಪ್ ಪೂರ್ತಿ ಆರಿಸಿದ ಮೇಲೆಯೇ ತಂತಿ ಕೀಳಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ‘ಕೋಡ್ 12’ ಎಂಬ ದೋಷ ಕಾಣಿಸಿದರೆ ಕಾರ್ಡು ಕೆಟ್ಟಿದೆಯೆಂದು ತಿಳಿಯಬೇಡಿ. ಹಳೆಯ ಬಯಾಸ್‌ಗಳು (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಸಾಧನಗಳಿಗೆಲ್ಲ ಮೊದಲ 4 ಜಿಬಿ ವಿಳಾಸದೊಳಗೇ ಜಾಗ ಹುಡುಕುತ್ತವೆ, ಕಾರ್ಡು ಅಲ್ಲಿ 256 ಎಂಬಿಗೂ ಹೆಚ್ಚು ಜಾಗ ಕೇಳುತ್ತದೆ. ಅದು ಸಿಗದೆ ಹೋದಾಗ ಈ ದೋಷ ಬರುತ್ತದೆ. ಬಯಾಸ್‌ನಲ್ಲಿ ಬಳಸದ ಸಾಧನಗಳನ್ನು ಆರಿಸಿ ನೋಡಿ.

ಚಿಂತಾಮಣಿಯ ವಿಡಿಯೊ:

ಬಂಗಾರಪೇಟೆಯವರ ಲೆಕ್ಕ ಸರಿಯಾಗಿದೆ. ಆದರೂ ಇದನ್ನು ಓದುವ ಬೇರೆಯವರು ತಪ್ಪು ತಿಳಿಯಬಾರದೆಂದು ನನ್ನ ಅನುಭವವನ್ನೂ ಬರೆಯುತ್ತಿದ್ದೇನೆ. ನಾನು ಮದುವೆಯ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಹೊರಗಿನ ಕಾರ್ಡಿಗೆ ಥಂಡರ್‌ಬೋಲ್ಟ್ ಎಂಬ ವೇಗದ ಸಂಪರ್ಕ ಒಳ್ಳೆಯ ದಾರಿ ಎಂದು ಕೇಳಿ, ಟೈಪ್-ಸಿ ಕಿಂಡಿ ಇದ್ದ ಲ್ಯಾಪ್‌ಟಾಪನ್ನು ನೆಚ್ಚಿಕೊಂಡು ಕಾರ್ಡಿನ ಡಬ್ಬಿ ತರಿಸಿದೆ. ಬಂದ ಮೇಲೆ ಗೊತ್ತಾಯಿತು, ಆ ಕಿಂಡಿಯ ಆಕಾರ ಮಾತ್ರ ಒಂದೇ, ಒಳಗೆ ಥಂಡರ್‌ಬೋಲ್ಟ್ ಇರಲಿಲ್ಲ. ಮಾರಿದವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಿಂಡಿಯ ಪಕ್ಕದಲ್ಲಿ ಮಿಂಚಿನ ಗುರುತಿದೆಯೇ ಎಂದು ನೋಡಿ. ಗುರುತಿದ್ದರೂ ಆ ಮಾದರಿಯ ಕೈಪಿಡಿಯನ್ನು ಓದಿ ಖಚಿತ ಮಾಡಿಕೊಂಡೇ ಹಣ ಕೊಡಿ.

ಆಮೇಲೆ ಥಂಡರ್‌ಬೋಲ್ಟ್ 3 ಇರುವ ಲ್ಯಾಪ್‌ಟಾಪಿನಲ್ಲಿ ಅದೇ ಡಬ್ಬಿಯನ್ನು ಬಳಸುತ್ತಿದ್ದೇನೆ. ಅದರಲ್ಲಿ ನಾಲ್ಕು ಲೇನ್ ಸಿಗುತ್ತವೆ, ಬಣ್ಣ ತಿದ್ದುವ ಕೆಲಸ ಎದ್ದುಕಾಣುವಷ್ಟು ಚುರುಕಾಯಿತು. ಆದರೆ ಫೈಲುಗಳು ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದಷ್ಟು ದಿನ ಕಾರ್ಡು ಸುಮ್ಮನೆ ಕಾಯುತ್ತ ಕೂರುತ್ತಿತ್ತು. ಕಂಪ್ಯೂಟರು ತಡವಾಗಿ ಶುರುವಾಗುತ್ತದೆ, ಬ್ರೌಸರ್ ತೆರೆಯುವುದಿಲ್ಲ ಎನ್ನುವವರಿಗೆ ಬೇಕಾದದ್ದು ಎಸ್‌ಎಸ್‌ಡಿ ಮತ್ತು ರ‍್ಯಾಮ್, ಗ್ರಾಫಿಕ್ಸ್ ಕಾರ್ಡಲ್ಲ. ಮ್ಯಾಕ್ ಇರುವವರಿಗೆ ಇನ್ನೊಂದು ಮಾತು: ಆಪಲ್ 2018ರಲ್ಲಿ ಹೊರಗಿನ ಕಾರ್ಡಿಗೆ ಅವಕಾಶ ಕೊಟ್ಟದ್ದು ಇಂಟೆಲ್ ಮ್ಯಾಕ್‌ಗಳಿಗೆ, ಅದೂ ಎಎಂಡಿ ಕಾರ್ಡುಗಳಿಗೆ, ಕುಡಾ ಬೇಕಾದ ಮೇಷ್ಟ್ರ ಕೆಲಸಕ್ಕೆ ಅದು ಒದಗುವುದಿಲ್ಲ.

ಕೋಲಾರದ ಲ್ಯಾಬು:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಅಡಾಪ್ಟರಿಗೂ ಪವರ್ ಸಪ್ಲೈಗೂ ಕೊಡುವ ಹಣಕ್ಕೆ ಇನ್ನಷ್ಟು ಸೇರಿಸಿದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಚೇರಿಗಳಿಂದ ಬಂದ ಹಳೆಯ ಡೆಸ್ಕ್‌ಟಾಪ್ ಸಿಗಬಹುದು, ಅದರಲ್ಲಿ ಕಾರ್ಡಿಗೆ ಪೂರ್ಣ ಸ್ಲಾಟೇ ಇರುತ್ತದೆ. ತೆಳ್ಳನೆಯ ಪೆಟ್ಟಿಗೆಯಾದರೆ ಗಿಡ್ಡ ಕಾರ್ಡು ಮಾತ್ರ ಹಿಡಿಸುತ್ತದೆ ಎಂಬುದನ್ನು ನೆನಪಿಡಿ. ಲ್ಯಾಪ್‌ಟಾಪನ್ನೇ ಉಳಿಸಿಕೊಳ್ಳುವುದಾದರೆ ಎರಡು ವಿಷಯ ಹೇಳಬೇಕು.

ಆಳ ಅಳೆದ ನಂತರ ಬಲೆಯಂತೆ ಮೇಲ್ಮೈ ಹೆಣೆಯುವ ಹಂತವನ್ನು ಕಾರ್ಡು ಮಾಡುವುದಿಲ್ಲ, ಅದು ಪ್ರೊಸೆಸರ್ ಮತ್ತು ರ‍್ಯಾಮಿನ ಕೆಲಸ. 8 ಜಿಬಿಯಲ್ಲಿ ಅಲ್ಲಿ ಖಂಡಿತ ಉಸಿರುಗಟ್ಟುತ್ತದೆ. ಟಿ430 ಒಟ್ಟು 16 ಜಿಬಿ ತೆಗೆದುಕೊಳ್ಳುತ್ತದೆ. ಕಾರ್ಡಿಗಿಂತ ಮೊದಲು ಅದನ್ನು ಹಾಕಿಸಿ.

ಇನ್ನೊಂದು, ಕಾರ್ಡಿನ ಆಯ್ಕೆ. 1050 ಟಿಐ 2016ರದು. ಆ ತಲೆಮಾರಿನ ಕಾರ್ಡುಗಳಿಗೆ ಎನ್‌ವಿಡಿಯಾ ಹೊಸ ಡ್ರೈವರುಗಳನ್ನು 2025ರ ಅಕ್ಟೋಬರಿಗೆ ನಿಲ್ಲಿಸಿ, ಮುಂದೆ 2028ರವರೆಗೆ ಭದ್ರತೆಯ ತಿದ್ದುಪಡಿಗಳನ್ನಷ್ಟೇ ಕೊಡುವುದಾಗಿ ಹೇಳಿದೆ. 2019ರ ಜಿಟಿಎಕ್ಸ್ 1650 ಕೂಡ 75 ವ್ಯಾಟಿನದೇ, 4 ಜಿಬಿಯದೇ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅದನ್ನೇ ಕೇಳಿ, ಬೇರೆ ಪವರ್ ಪ್ಲಗ್ ಇಲ್ಲದ ಮಾದರಿಯನ್ನೇ ಆರಿಸಿ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮೂರನೇ ತಲೆಮಾರಿನ ಐ5 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಮೆಶ್‌ರೂಮ್ ಲಿನಕ್ಸ್‌ನಲ್ಲೂ ನಡೆಯುತ್ತದೆ. ನಿಧಾನವಾಗಿ ಅತ್ತ ಹೋಗುವುದು ಒಳ್ಳೆಯದು.

ಕರೆಂಟಿನ ವಿಷಯವನ್ನು ಯಾರೂ ಎತ್ತಲಿಲ್ಲ. ಕರೆಂಟು ಹೋದರೆ ಲ್ಯಾಪ್‌ಟಾಪನ್ನು ಅದರ ಬ್ಯಾಟರಿ ಉಳಿಸುತ್ತದೆ, ಆದರೆ ಹೊರಗಿನ ಕಾರ್ಡು ಆ ಕ್ಷಣವೇ ಸಾಯುತ್ತದೆ. ಕಾರ್ಡು ಹಠಾತ್ತನೆ ಮಾಯವಾದರೆ ವಿಂಡೋಸ್ ಕೂಡ ಕುಸಿಯಬಹುದು. ನಮ್ಮ ಹಳ್ಳಿಗಳಲ್ಲಿ ರಾತ್ರಿಯಿಡೀ ಕೆಲಸ ಓಡಿಸುವವರು ಪವರ್ ಸಪ್ಲೈಗೆ ಒಂದು ಯುಪಿಎಸ್ ಇಟ್ಟುಕೊಳ್ಳಲೇಬೇಕು. ಮುಗಿದ ಭಾಗಗಳನ್ನು ಮೆಶ್‌ರೂಮ್ ಡಿಸ್ಕಿನಲ್ಲಿ ಉಳಿಸಿಕೊಂಡಿರುತ್ತದೆ, ಆದ್ದರಿಂದ ನಿಂತುಹೋದರೆ ಮೊದಲಿನಿಂದ ಶುರು ಮಾಡಬೇಕಿಲ್ಲ.

ಮುಳಬಾಗಿಲಿನ ಮೇಷ್ಟ್ರು:

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ತಿಂಗಳ ಬಳಿಕ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮಾಡಿ ನೋಡಿಯೇ ಬರೆಯೋಣವೆಂದು ಕಾದೆ. ಡೆಸ್ಕ್‌ಟಾಪಿನ ಸಲಹೆ ಯೋಗ್ಯವಾದದ್ದೇ, ಆದರೆ ನನ್ನ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಜೊತೆಗೆ ಲ್ಯಾಪ್‌ಟಾಪನ್ನು ಹೊಲಕ್ಕೆ ಒಯ್ದು, ತೆಗೆದ ಚಿತ್ರಗಳು ಸಾಕೇ ಎಂದು ಅಲ್ಲಿಯೇ ನೋಡಿಕೊಳ್ಳುವ ಅಭ್ಯಾಸವಾಗಿದೆ. ರ‍್ಯಾಮನ್ನು 16 ಜಿಬಿಗೆ ಏರಿಸಿ, ಪ್ಲಗ್ ಇಲ್ಲದ 1650 ಕಾರ್ಡನ್ನೂ ಚಿಕ್ಕ ಯುಪಿಎಸ್ ಒಂದನ್ನೂ ಕೊಂಡೆ.

ಮೊದಲ ದಿನ ಬಂಗಾರಪೇಟೆಯವರು ಹೇಳಿದ್ದ ಕೋಡ್ 12 ಬಂದೇ ಬಂದಿತು. ಬಳಸದ ಸಾಧನಗಳನ್ನು ಬಯಾಸ್‌ನಲ್ಲಿ ಆರಿಸಿ ಮತ್ತೆ ಶುರು ಮಾಡಿದ ಮೇಲೆ ಕಾರ್ಡು ಕಾಣಿಸಿತು. ಆದರೆ ಜಿಪಿಯು-ಝೆಡ್ ತಂತ್ರಾಂಶದಲ್ಲಿ ದಾರಿಯ ವೇಗ ಒಂದನೇ ತಲೆಮಾರಿನದೆಂದು ತೋರಿಸುತ್ತಿತ್ತು. ಇದಕ್ಕೆ ಏನಾದರೂ ಮಾಡಬೇಕೇ?

ಬಂಗಾರಪೇಟೆ ರಿಪೇರಿ:

ಬಹಳ ಸಂತೋಷ ಮೇಷ್ಟ್ರೇ. ಕೆಲಸವಿಲ್ಲದಾಗ ಕಾರ್ಡು ವಿದ್ಯುತ್ ಉಳಿಸಲು ದಾರಿಯ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದೇ ಕಿಟಕಿಯಲ್ಲಿ ಆ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿ, ಕಾರ್ಡಿಗೆ ಕೆಲಸ ಕೊಟ್ಟು ನೋಡಿ. ಆಗಲೂ ಏರದಿದ್ದರೆ ತಂತಿಯನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಸಿಕ್ಕಿಸಿ. ತಂತಿ ಸಡಿಲವಿದ್ದರೂ ವೇಗ ಕೆಳಗೇ ನಿಲ್ಲುತ್ತದೆ.

ಮುಳಬಾಗಿಲಿನ ಮೇಷ್ಟ್ರು:

ಕೆಲಸ ಕೊಟ್ಟ ಕೂಡಲೇ ಎರಡನೇ ತಲೆಮಾರಿಗೆ ಏರಿತು. ನೂರಿಪ್ಪತ್ತು ಚಿತ್ರಗಳ ಆಳ ಅಳೆಯುವ ಹಂತ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಮೇಲ್ಮೈ ಹೆಣೆಯುವುದಕ್ಕೆ ಇನ್ನೂ ಎರಡೂವರೆ ಗಂಟೆ ಹಿಡಿಯಿತು, ಅದು ಪ್ರೊಸೆಸರಿನ ವಯಸ್ಸು.

ಮಾದರಿಯಲ್ಲಿ ಈಗ ಕಲ್ಲಿನ ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಎಲ್ಲವೂ ಬೇರೆ ಬೇರೆಯಾಗಿ ಸ್ಪಷ್ಟವಾಗಿ ನಿಂತಿವೆ. ಕೆಳಗಿನ ಎರಡು ಹಂತಗಳ ನಡುವಣ ಪಟ್ಟಿಯಲ್ಲಿ ನಾನು ಹೊಲದಲ್ಲಿ ನಿಂತು ಓದಿದ್ದು ‘ಸ್ವಸ್ತಿ’ ಎಂಬ ಒಂದೇ ಪದ. ನಿನ್ನೆ ರಾತ್ರಿ ಮಾದರಿಯ ಮೇಲೆ ಎಡಗಡೆಯಿಂದ ಓರೆಯಾಗಿ ಬೆಳಕು ಬಿಟ್ಟಾಗ ಅದೇ ಪಟ್ಟಿಯ ಕೊನೆಯಲ್ಲಿ ‘ತುಱು’ (ಹಳಗನ್ನಡದಲ್ಲಿ ದನ) ಎಂಬ ಎರಡು ಅಕ್ಷರಗಳು ಎದ್ದು ಕಂಡವು. ಕೆಳಗೆ ವೀರನ ಕಾಲ ಬಳಿ ನಾನು ಇಷ್ಟು ದಿನ ಬರಿಯ ಉಬ್ಬುಗಳೆಂದು ತಿಳಿದಿದ್ದವು ಹಸುಗಳು.