ಆರ್‌ಪಿಜಿ ನಾಯಕನಿಗೆ ದನಿ ಬೇಕಾ, ಬೇಡ್ವಾ?

ಜಯನಗರದ ಬೇಟೆಗಾರ:
ನಾನೇ ಹುಟ್ಟುಹಾಕಿದ ಪಾತ್ರ ಅಂದ್ಮೇಲೆ ಅದರ ಬಾಯಲ್ಲಿ ಬೇರೆಯವರ ದನಿ ಯಾಕೆ? ಆರ್‌ಪಿಜಿಗಳ (ನಾವೇ ಒಂದು ಪಾತ್ರವಾಗಿ ಆಡೋ ವಿಡಿಯೋ ಗೇಮ್‌ಗಳು) ಬಗ್ಗೆ ನನ್ನ ತಕರಾರು ಇದೇ. ಹೆಸರು, ಮುಖ, ಸ್ವಭಾವ ಎಲ್ಲಾ ನಾನು ಆರಿಸ್ತೀನಿ, ಬಾಯಿ ತೆಗೆದ ತಕ್ಷಣ ಗುರುತಿಲ್ಲದ ಯಾರೋ ಮಾತಾಡ್ತಾರೆ.

ಫಾಲ್‌ಔಟ್ ಸರಣಿ ನೋಡಿ. ಫಾಲ್‌ಔಟ್ 3, ನ್ಯೂ ವೇಗಸ್ ಎರಡರಲ್ಲೂ ನಾಯಕನಿಗೆ ದನಿ ಇಲ್ಲ, ಹೇಳಬೇಕಾದ ವಾಕ್ಯ ಪೂರ್ತಿ ಪರದೆ ಮೇಲಿರುತ್ತೆ. ನ್ಯೂ ವೇಗಸ್‌ನಲ್ಲಿ ಪಾತ್ರದ ಬುದ್ಧಿಯ ಅಂಕ ತೀರಾ ಕಮ್ಮಿ ಇಟ್ಟರೆ ಪೆದ್ದುಪೆದ್ದಾದ ಬೇರೆ ಮಾತಿನ ಆಯ್ಕೆಗಳೇ ಬರ್ತವೆ, ನನಗದು ಇಷ್ಟ. 2015ರಲ್ಲಿ ಬಂದ ಫಾಲ್‌ಔಟ್ 4ಕ್ಕೆ ಗಂಡು ದನಿಗೂ ಹೆಣ್ಣು ದನಿಗೂ ತಲಾ 13,000ಕ್ಕಿಂತ ಹೆಚ್ಚು ಸಾಲು ರೆಕಾರ್ಡ್ ಮಾಡಿದ್ರು. ಅಷ್ಟೆಲ್ಲ ಮಾಡಿ ಕೊಟ್ಟಿದ್ದು ಒಂದು ಸಲಕ್ಕೆ ನಾಲ್ಕೇ ಆಯ್ಕೆ, ಅದೂ ಒಂದೆರಡು ಪದದ್ದು. ವ್ಯಂಗ್ಯ ಅಂತ ಇರೋ ಬಟನ್ ಒತ್ತಿದ್ರೆ ಅವನು ಏನಂದ ಅನ್ನೋದು ಅಂದ ಮೇಲೇ ಗೊತ್ತಾಗೋದು. ಪೂರ್ತಿ ವಾಕ್ಯ ತೋರಿಸೋ ಮಾಡ್ (ಆಟವನ್ನ ಬದಲಾಯಿಸೋ ಸೇರ್ಪಡೆ) ಅನ್ನ ಕೊನೆಗೆ ಆಟಗಾರರೇ ಮಾಡ್ಕೊಂಡ್ರು. ಫಾಲ್‌ಔಟ್ 4 ಮಾಡಿದ ಅದೇ ಬೆಥೆಸ್ಡಾ ಕಂಪನಿ 2023ರ ಸ್ಟಾರ್‌ಫೀಲ್ಡ್‌ನಲ್ಲಿ ನಾಯಕನ ದನಿ ಕೈಬಿಡ್ತು.

ನನಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಈ ಆಟಗಳು ಯಾವುವೂ ಕನ್ನಡದಲ್ಲಿಲ್ಲ. ಎದುರಿನ ಪಾತ್ರಗಳು ಇಂಗ್ಲಿಷಲ್ಲೇ ಮಾತಾಡ್ಲಿ, ಒಪ್ತೀನಿ. ಆದ್ರೆ ನನ್ನ ಸರದಿ ಬಂದಾಗ ಪರದೆ ಮೇಲಿನ ಸಾಲು ಓದ್ಕೊಂಡು ನನ್ನೊಳಗೆ ಹೊರಡೋ ಮಾತು ಕನ್ನಡದ್ದು. ನ್ಯೂ ವೇಗಸ್‌ನ ನಾಯಕ ಕೊರಿಯರ್ ನನ್ನ ಪಾಲಿಗೆ ಶ್ರೀರಾಂಪುರದ ಹುಡುಗ. ಆ ಆಟದ ಸರ್ವಾಧಿಕಾರಿ ಸೀಸರ್ ಎದುರು ನಿಂತು "ಹೋಗಯ್ಯ, ನಿನ್ನ ಸಹವಾಸವೇ ಬೇಡ" ಅಂದಿದ್ದು ಅವನು. ಆ ಸಾಲಿಗೆ ಅಮೆರಿಕದ ದನಿ ಹಚ್ಚಿಬಿಟ್ಟಿದ್ರೆ ಆ ಹುಡುಗ ಹುಟ್ಟುತ್ತಲೇ ಇರಲಿಲ್ಲ.

ನಾರ್ಮಂಡಿ ನಂದಿನಿ:
ಪೂರ್ತಿ ಓದಿದೆ, ಒಪ್ಪಲ್ಲ. ನಾನು ಯಾವಾಗ್ಲೂ ಹೆಣ್ಣು ಪಾತ್ರ ಇಟ್ಕೊಂಡೇ ಆಡೋದು. ದನಿ ಇಲ್ಲದ ಆಟಗಳಲ್ಲಿ ಗಂಡಿಗೂ ಹೆಣ್ಣಿಗೂ ಹೆಚ್ಚುಕಮ್ಮಿ ಅದೇ ಸಾಲು, ಅದೇ ಓಟ, ಅದೇ ಕತ್ತಿ. ನಾನು ಹೆಣ್ಣು ಅನ್ನೋದು ಬರೀ ಆಕಾರದಲ್ಲಿ ನಿಂತುಹೋಗುತ್ತೆ. 2007ರಲ್ಲಿ ಮಾಸ್ ಎಫೆಕ್ಟ್ ಬಂದಾಗ ಅದರ ಮುಖ್ಯ ಪಾತ್ರ, ಬಾಹ್ಯಾಕಾಶ ಹಡಗಿನ ಕಮಾಂಡರ್ ಶೆಪರ್ಡ್‌ಗೆ ಮಾರ್ಕ್ ಮೀರ್ ಗಂಡು ದನಿ, ಜೆನಿಫರ್ ಹೇಲ್ ಹೆಣ್ಣು ದನಿ ಕೊಟ್ರು. ಇಬ್ಬರ ಸಾಲುಗಳೂ ಬಹುಪಾಲು ಒಂದೇ, ಆದ್ರೆ ಕೇಳಿ ನೋಡಿ, ಇಬ್ಬರು ಬೇರೆಬೇರೆ ಮನುಷ್ಯರು. ಹೇಲ್ ಅವರ ಶೆಪರ್ಡ್ ಆಜ್ಞೆ ಕೊಟ್ಟಾಗ ಇಡೀ ಹಡಗು ಸುಮ್ಮನಾಗುತ್ತೆ. ಮೂರನೇ ಆಟದ ಹೊತ್ತಿಗೆ ಅದೇ ದನಿಯಲ್ಲಿ ದಣಿವು ಸೇರ್ಕೊಂಡಿರುತ್ತೆ. ಆ ದಣಿವನ್ನ ನಾನು ನನ್ನ ತಲೆಯಲ್ಲಿ ಕಲ್ಪಿಸ್ಕೊಳ್ತಿರಲಿಲ್ಲ. ಅದನ್ನ ಕೊಟ್ಟಿದ್ದು ಕಲಾವಿದೆ.

ದನಿ ಇದ್ರೆ ಪಾತ್ರ ನಮ್ಮದಾಗಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಡ್ರ್ಯಾಗನ್ ಏಜ್ 2ರಲ್ಲಿ (2011) ಹಾಕ್ ಅನ್ನೋ ಮುಖ್ಯ ಪಾತ್ರಕ್ಕೆ ನೀವು ಮೃದು ಮಾತು, ತಮಾಷೆ, ಸಿಡುಕು ಇವುಗಳಲ್ಲಿ ಯಾವುದನ್ನ ಜಾಸ್ತಿ ಆರಿಸ್ತೀರೋ ಆಟ ಅದನ್ನ ಲೆಕ್ಕ ಇಟ್ಕೊಳ್ಳುತ್ತೆ. ಆಮೇಲೆ ನೀವು ಆರಿಸದ ಮಾತುಗಳನ್ನೂ ಹಾಕ್ ಅದೇ ಧಾಟಿಯಲ್ಲಿ ಆಡ್ತಾಳೆ. ಮೂಕ ನಾಯಕಿ ಹೀಗೆ ನನ್ನನ್ನ ಕಲಿಯೋಕೆ ಸಾಧ್ಯನೇ ಇಲ್ಲ.

ಜಯನಗರದ ಬೇಟೆಗಾರ:
ಹಾಕ್ ವಿಷಯ ಒಪ್ಪಿದೆ ನಂದಿನಿ ಅವರೇ, ಅದು ಒಳ್ಳೆ ಕೆಲಸ. ಆದ್ರೆ ಹಾಕ್ ಯಾವಾಗ್ಲೂ ಮನುಷ್ಯ ಕುಲದ ಪಾತ್ರ, ಮನೆತನ ನಿಗದಿ ಆಗಿದೆ. ಅದೇ ಸರಣಿಯ ಮುಂದಿನ ಆಟ ಇನ್‌ಕ್ವಿಸಿಷನ್‌ನಲ್ಲಿ (2014) ನಾಲ್ಕು ಕುಲ ಕೊಟ್ಟು, ಗಂಡಿಗೆ ಎರಡು ಹೆಣ್ಣಿಗೆ ಎರಡು ದನಿ ಇಟ್ರು. ಕೊಂಬಿರೋ ಆಜಾನುಬಾಹು ಕುನಾರಿಗೂ ಗಿಡ್ಡ ಡ್ವಾರ್ಫ್‌ಗೂ ಅದೇ ಗಂಟಲು. ನನ್ನ ಪಾತ್ರ ಅಲ್ಲೇ ಕೈಬಿಟ್ಟುಹೋಯ್ತು.

ಧಾರವಾಡ ಪೇಢಾ:
ನೋಡ್ರಿ, ಓದೂದು ಎಲ್ಲಾರಿಗೂ ಸರಳ ಅಂತ ತಿಳ್ಕೊಂಡು ನೀವು ಮಾತಾಡಾಕತ್ತೀರಿ. ನಮ್ಮ ತಮ್ಮಗ ಡಿಸ್ಲೆಕ್ಸಿಯಾ ಐತಿ, ಅಂದ್ರ ಅಕ್ಷರ ಓದೂದು ಕಷ್ಟ. ನಾವಿಬ್ರೂ ವಿಜಯನಗರದಾಗ ಒಂದ ರೂಮಿನ್ಯಾಗ ಇರ್ತೀವಿ, ಅವಾ ಆಡೂದನ್ನ ದಿನಾ ನೋಡ್ತೀನಿ. ಉದ್ದುದ್ದ ಏಳೆಂಟು ವಾಕ್ಯ ಇರೂ ಆಟ ಅವಗ ತ್ರಾಸು, ಅರ್ಧಕ್ಕ ಬಿಡ್ತಾನ. ವಿಚರ್ 3 ಮಾತ್ರ ಪೂರಾ ಮುಗಿಸಿದ. ಯಾಕಂದ್ರ ಅಲ್ಲಿ ಆಯ್ಕೆ ಸಣ್ಣ ಸಣ್ಣ, ನಾಯಕ ಗೆರಾಲ್ಟ್ ಪೂರಾ ಮಾತು ತಾನ ಆಡಿ ತೋರಿಸ್ತಾನ. ಜಯನಗರದವ್ರು ಬೈದ ಆ ಎರಡು ಪದದ ಆಯ್ಕೆನ ಅವಗ ಬಾಗಿಲಾ ತಗದದ್ದು.

ಇನ್ನ ಕನ್ನಡದ ಮಾತು. ಗೆರಾಲ್ಟ್ ಇಂಗ್ಲಿಷ್‌ನಾಗ ಡಗ್ ಕಾಕಲ್ ದನಿಯಾಗ ಮಾತಾಡ್ತಾನ, ಪೋಲಿಶ್‌ನಾಗ ಯಾಟ್ಸೆಕ್ ರೊಝೆನೆಕ್ ದನಿಯಾಗ. ಪೋಲೆಂಡಿನ ಹುಡುಗ್ರು ತಮ್ಮ ಭಾಷಾದಾಗ ಕಿವಿಲೇ ಕೇಳ್ತಾರ, ನಾವು ಮನಸಿನ್ಯಾಗ ಕಲ್ಪನಾ ಮಾಡ್ಕೊಂಡು ಸಮಾಧಾನ ಪಡಬೇಕೇನು? ಸಿನಿಮಾದಾಗ ಡಬ್ಬಿಂಗ್ ಬ್ಯಾಡ ಅಂತ ದಶಕಗಟ್ಟಲೆ ಕುಂತಿವಿ, 2015ರಾಗ ಸ್ಪರ್ಧಾ ಆಯೋಗದ ಆದೇಶ ಬಂದ ಮ್ಯಾಲೆ ದಾರಿ ತಗೀತು. ಆಟದಾಗೂ ಮೌನ ಸಾಕು ಅನ್ನಬ್ಯಾಡ್ರಿ. ಕನ್ನಡ ದನಿನ ಕೇಳೂಣು.

ಕುಂದಾಪ್ರದವ ವೈಟ್‌ಫೀಲ್ಡಲ್ಲಿ:
ಪೇಢಾ ಅವರ ತಮ್ಮನ ವಿಷಯ ಮುಖ್ಯವಾದದ್ದು. ಅದಕ್ಕೆ ಉತ್ತರ, ಆಯ್ಕೆಯ ಸಾಲನ್ನು ಯಂತ್ರವೇ ಓದಿ ಹೇಳುವ ಸೌಲಭ್ಯ ಪ್ರತಿ ಆಟದಲ್ಲೂ ಇರಬೇಕು ಅನ್ನುವುದು. ಅದಿಲ್ಲದೆ ಮೌನದ ಪರ ವಾದ ಮಾಡುವುದು ನ್ಯಾಯ ಅಲ್ಲ.

ಆದರೆ ಬೇಟೆಗಾರರು ಹೇಳಿದ್ದು ತಾಳಮದ್ದಳೆ ಕೇಳಿ ಬೆಳೆದವರಿಗೆ ಬೇಗ ತಲುಪ್ತದೆ. ಭಾಗವತರು ಪದ್ಯ ಹೇಳಿ ನಿಲ್ಲಿಸ್ತಾರೆ. ಪದ್ಯ ಎಲ್ಲರಿಗೂ ಒಂದೇ. ಅರ್ಥ ಹೇಳುವುದು ಅರ್ಥಧಾರಿ, ಅದೇ ಪದ್ಯಕ್ಕೆ ಒಬ್ಬರ ಕರ್ಣ ಕುಗ್ಗುತ್ತಾನೆ, ಇನ್ನೊಬ್ಬರ ಕರ್ಣ ಸಿಡಿದೇಳ್ತಾನೆ. ಪರದೆಯ ಸಾಲು ಪದ್ಯ ಇದ್ದ ಹಾಗೆ, ಅರ್ಥ ಆಟಗಾರನದ್ದು.

ನಾರ್ಮಂಡಿ ನಂದಿನಿ:
ಜನ ತಾಳಮದ್ದಳೆಗೆ ಹೋಗೋದು ತಾವೇ ಅರ್ಥ ಹೇಳೋಕಲ್ಲ, ಒಳ್ಳೆ ಅರ್ಥಧಾರಿಯ ಮಾತು ಕೇಳೋಕೆ.

ಕುಂದಾಪ್ರದವ ವೈಟ್‌ಫೀಲ್ಡಲ್ಲಿ:
ಅದು ಎದುರು ಕೂತವರ ಮಾತು. ಕಂಟ್ರೋಲರ್ ಹಿಡಿದವ ಪ್ರೇಕ್ಷಕನೋ ಅರ್ಥಧಾರಿಯೋ? ನಾನಂತೂ ಅರ್ಥಧಾರಿ ಅಂತಲೇ ಕೂರುವುದು. ಕ್ರೋನೋ ಟ್ರಿಗರ್ (1995) ನೋಡಿ. ಆರಂಭದ ಜಾತ್ರೆಯಲ್ಲಿ ಹುಡುಗಿಗೆ ಡಿಕ್ಕಿ ಹೊಡೆದಾಗ ಮೊದಲು ಅವಳನ್ನು ಮಾತಾಡಿಸಿದ್ರಾ, ಬಿದ್ದ ಪದಕ ಹೆಕ್ಕಿದ್ರಾ, ಯಾರದೋ ಊಟ ತಿಂದ್ರಾ, ಪುಟ್ಟ ಹುಡುಗಿಯ ಬೆಕ್ಕು ಹುಡುಕಿಕೊಟ್ರಾ, ಇದೆಲ್ಲ ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಎದ್ದು ಬರ್ತದೆ. ನಾಯಕ ಕ್ರೋನೋ ಹೆಚ್ಚುಕಮ್ಮಿ ತುಟಿ ಬಿಚ್ಚುವುದೇ ಇಲ್ಲ. ಆದರೂ ಆ ಕಟಕಟೆಯಲ್ಲಿ ನಿಂತದ್ದು ನಾನು. ದನಿ ಇದ್ದ ನಾಯಕನಾಗಿದ್ದರೆ ತಪ್ಪು ಅವನ ಮೇಲೆ ಹಾಕಿ ನಾನು ಪಕ್ಕಕ್ಕೆ ಸರಿಯಬಹುದಿತ್ತು.

ರಾಜಾಜಿನಗರ ಪಗಡೆ:
ಹಳೇ ಆಟದಲ್ಲಿ ಎಲ್ಲರೂ ಅಕ್ಷರದಲ್ಲೇ ಮಾತಾಡ್ತಿದ್ರು, ಅಲ್ಲಿ ನಾಯಕನ ಮೌನ ಎದ್ದು ಕಾಣ್ತಿರಲಿಲ್ಲ. ಬಾಲ್ಡರ್ಸ್ ಗೇಟ್ 3ರಲ್ಲಿ (2023) ಸುತ್ತ ಇರೋರೆಲ್ಲ ಮುಖ, ಕೈ, ದನಿ ಎಲ್ಲಾ ಸೇರಿಸಿ ಅಭಿನಯಿಸ್ತಾರೆ. ಕ್ಯಾಮೆರಾ ನಮ್ಮ ಪಾತ್ರದ ಕಡೆ ತಿರುಗಿದ್ರೆ ಹುಬ್ಬು ಏರಿಸಿ ನಿಂತಿರುತ್ತೆ. ಅಷ್ಟು ಒಳ್ಳೆ ಆಟದಲ್ಲೂ ಅದೊಂದು ನನಗೆ ಚುಚ್ಚುತ್ತೆ.

ನನ್ನ ಪ್ರಕಾರ ಇದನ್ನ ಸರಿಯಾಗಿ ಬಿಡಿಸಿದ್ದು ಡಿಸ್ಕೋ ಎಲಿಸಿಯಂ. ಮೊದಲು ಬಂದಿದ್ದು 2019ರಲ್ಲಿ. 2021ರ ಫೈನಲ್ ಕಟ್ ಅನ್ನೋ ಆವೃತ್ತಿಯಲ್ಲಿ ಪೂರ್ತಿ ದನಿ ಸೇರಿಸಿದಾಗಲೂ ನಾಯಕ ಆಡೋ ಸಾಲುಗಳನ್ನ ನಮಗೇ ಬಿಟ್ರು, ಅವನ ತಲೆಯೊಳಗಿನ 24 ಕೌಶಲಗಳಿಗೆ ಲೆನ್ವಲ್ ಬ್ರೌನ್ ದನಿ ಕೊಟ್ರು. ತರ್ಕ, ಭಯ, ಅಹಂಕಾರ ಎಲ್ಲಾ ಕಿವಿಯಲ್ಲಿ ಪಿಸುಗುಡ್ತವೆ, ಕೊನೆಗೆ ಏನು ಹೇಳ್ಬೇಕು ಅನ್ನೋದು ಮಾತ್ರ ನಮ್ಮದು.

ಇಂದಿರಾನಗರ ಟೆಸ್ಟರ್:
ನಾನು ಇಲ್ಲೇ ಒಂದು ಸ್ಟುಡಿಯೋದಲ್ಲಿ ಲೋಕಲೈಸೇಶನ್ ಟೆಸ್ಟಿಂಗ್ ಮಾಡ್ತೀನಿ, ಅಂದ್ರೆ ಬೇರೆ ಭಾಷೆಗೆ ತಂದ ಆಟ ಸರಿಯಿದೆಯಾ ಅಂತ ನೋಡೋದು. ಆಯ್ಕೆಗಳು ಯಾಕೆ ಕಮ್ಮಿ ಆಗ್ತವೆ ಅನ್ನೋದನ್ನ ಕೆಲಸದ ಕಡೆಯಿಂದ ಹೇಳ್ತೀನಿ. ಸಾಲು ಬರೀ ಅಕ್ಷರದಲ್ಲಿದ್ರೆ ಬರಹಗಾರರು ಕೊನೆ ತಿಂಗಳಲ್ಲೂ ಕೂತಲ್ಲೇ ತಿದ್ದಬಹುದು. ರೆಕಾರ್ಡ್ ಆಗಿದ್ರೆ ಕಲಾವಿದರನ್ನ ಮತ್ತೆ ಕರೆಸ್ಬೇಕು, ಸ್ಟುಡಿಯೋ ಬುಕ್ ಮಾಡ್ಬೇಕು, ತುಟಿಯ ಚಲನೆ ಮತ್ತೆ ಹೊಂದಿಸ್ಬೇಕು. ಬೇರೆ ಪಾತ್ರಗಳು ಬಂದು ಹೋಗ್ತವೆ, ನಾಯಕ ಪ್ರತಿ ಸಂಭಾಷಣೆಯಲ್ಲೂ ಇರ್ತಾನೆ. ಗಂಡು-ಹೆಣ್ಣು ಅಂದ್ರೆ ಎರಡು ಪಟ್ಟು, ಪ್ರತಿ ಡಬ್ಬಿಂಗ್ ಭಾಷೆಗೂ ಮತ್ತೆ ಅಷ್ಟೇ. ಬರಹಗಾರರು ಮೊದಲು ಕತ್ತರಿಸೋದು ತೀರಾ ಕಮ್ಮಿ ಜನ ಆರಿಸೋ ಸಾಲುಗಳನ್ನ. ಬೇಟೆಗಾರರಿಗೆ ಇಷ್ಟವಾದ ಆ ಪೆದ್ದು ಮಾತುಗಳ ಥರದವು ಮೊದಲು ಹೋಗ್ತವೆ.

ಹಾಗಾಗಿ ಪೇಢಾ ಸರ್, ಕನ್ನಡ ದನಿಗಿಂತ ಕನ್ನಡ ಅಕ್ಷರ ನಮಗೆ ಬೇಗ ಸಿಗುತ್ತೆ. ಅದೂ ಸಲೀಸಲ್ಲ. ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರ್ಬೇಕಾದ್ರೆ ಎಂಜಿನ್‌ಗೆ (ಆಟ ಕಟ್ಟೋ ಸಾಫ್ಟ್‌ವೇರ್) ಅಕ್ಷರ ಜೋಡಿಸೋದು ಗೊತ್ತಿರ್ಬೇಕು, ಇಲ್ಲಾಂದ್ರೆ "ಅಮ್ಮ" ಅನ್ನೋದೇ ಒಡೆದು ಕಾಣುತ್ತೆ. 2023ರಲ್ಲಿ ಬಂದ ಗೋಡೋ 4 ಎಂಜಿನ್ ಇದಕ್ಕೆ ಹಾರ್ಫ್‌ಬಜ್ ಅನ್ನೋ ಅಕ್ಷರ ಜೋಡಿಸೋ ತಂತ್ರಾಂಶ ಬಳಸುತ್ತೆ. ಚಿಕ್ಕದೊಂದು ಕನ್ನಡ ಆರ್‌ಪಿಜಿ ಮಾಡೋಕೆ ಅದು ಸಾಕು, ನಾನು ಸಂಜೆ ಹೊತ್ತು ಕೂರೋಕೆ ತಯಾರು.

ಜಯನಗರದ ಬೇಟೆಗಾರ:
ಬರೆಯೋಕೆ ನಾನಿದೀನಿ. ನಾಯಕನ ಸಾಲು ಮಾತ್ರ ಪೂರ್ತಿ ಪರದೆ ಮೇಲೆ ಬರ್ಬೇಕು, ದನಿ ಇಲ್ಲದೆ.

ಧಾರವಾಡ ಪೇಢಾ:
ಓದಿ ಹೇಳೂ ಸೌಲಭ್ಯ ಮೊದಲ ದಿನದಿಂದ ಇರ್ಲಿ. ಆಡಿ ನೋಡಾಕ ತಮ್ಮ ಬರ್ತಾನ.

ನಾರ್ಮಂಡಿ ನಂದಿನಿ:
ಯಂತ್ರ ಓದೋದಾದ್ರೆ ಮನುಷ್ಯರು ಯಾಕೆ ಓದ್ಬಾರ್ದು? ನಾಯಕಿಯ ಸಾಲುಗಳನ್ನ ನನಗೆ ಕಳಿಸಿ, ಮನೇಲಿ ಮೈಕ್ ಇದೆ, ಎಲ್ಲಾ ಸಾಲಿಗೂ ದನಿ ಕೊಡ್ತೀನಿ. ಬೇಡ ಅನ್ನೋರು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡ್ಕೊಳ್ಳಿ. ಪೆದ್ದು ಮಾತುಗಳನ್ನ ಮಾತ್ರ ಕತ್ತರಿಸ್ಬೇಡಿ, ಅವನ್ನೂ ಹೇಳ್ತೀನಿ.