ಮಗಳಿಗೆ ಕಾಲೇಜಿನಿಂದ ಪ್ರೊಬೇಷನ್ ಪತ್ರ ಬಂದಿದೆ ಎಂದು ಕೇಳಿದವರಿಗೆ

ಅಕ್ಕ, ಮೊದಲು ಒಂದು ಸಮಾಧಾನದ ಮಾತು. ಪ್ರೊಬೇಷನ್ ಆದರೆ ಕಾಲೇಜಿನಿಂದ ಹೊರಗೆ ಹಾಕಿದರು ಅಂತಲ್ಲ. ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡು) 2.0ಕ್ಕಿಂತ ಕೆಳಗಿಳಿದಾಗ ಅಮೆರಿಕದ ಹೆಚ್ಚಿನ ಕಾಲೇಜುಗಳು ಕೊಡುವ ಎಚ್ಚರಿಕೆ ಅದು. ಓದು ಮುಂದುವರಿಯುತ್ತದೆ. ಮುಂದೆಯೂ ಸುಧಾರಿಸದಿದ್ದರೆ ಸಸ್ಪೆನ್ಷನ್. ಸಾಮಾನ್ಯವಾಗಿ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಹೊರಗಿರಬೇಕು. ಆಮೇಲೆ ಅರ್ಜಿ ಹಾಕಿ ವಾಪಸ್ ಬರಬಹುದು.

ಅವಳು ಎರಡು ತಿಂಗಳು ಮನೆಯಲ್ಲಿ ಹೇಳಲೇ ಇಲ್ಲ ಅಂತ ಬರೆದಿದ್ದೀರಿ. ನನಗೆ ಹೆಚ್ಚು ಕಳವಳ ಆದದ್ದು ಅದೇ. ಹೈಸ್ಕೂಲಿನಲ್ಲಿ ಪ್ರತಿ ಕ್ವಿಜ್‌ನ ಅಂಕವೂ ನಮ್ಮ ಫೋನಿಗೇ ಬರುತ್ತಿತ್ತು. ಕಾಲೇಜು ಸೇರಿದ ದಿನದಿಂದ ಎಲ್ಲ ಬಂದ್. 1974ರ ಫೆರ್ಪಾ ಕಾನೂನಿನ ಪ್ರಕಾರ, ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ಮಕ್ಕಳದ್ದೇ. ಫೀಸು ಕಟ್ಟುವವರು ನಾವಾದರೂ ಅವರ ಒಪ್ಪಿಗೆ ಇಲ್ಲದೆ ಅಂಕ ನೋಡಲು ಆಗುವುದಿಲ್ಲ. ತೆರಿಗೆ ಲೆಕ್ಕದಲ್ಲಿ ಮಗು ನಮ್ಮ ಅವಲಂಬಿತ ಆಗಿದ್ದರೆ ಕಾಲೇಜು ತೋರಿಸಬಹುದು, ಆದರೆ ತೋರಿಸಲೇಬೇಕು ಅಂತಿಲ್ಲ. ಹಾಗಾಗಿ ನಮಗೆ ವಿಷಯ ಗೊತ್ತಾಗುವುದು ಮಗು ಬಾಯಿಬಿಟ್ಟರೆ ಮಾತ್ರ. ಇವತ್ತು ಬೈದರೆ ನಾಳೆ ಆ ಬಾಯಿ ಮುಚ್ಚುತ್ತದೆ. ಅವಳು ಕೊನೆಗೂ ಹೇಳಿದಳಲ್ಲ, ಅದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತು ಯೋಚಿಸಿ. "ಹೇಳಿದ್ದು ಒಳ್ಳೆಯದಾಯ್ತು" ಅಂತ ದಯವಿಟ್ಟು ಬಾಯಿಬಿಟ್ಟು ಹೇಳಿ. ಡಾಕ್ಟರ್ ಆಗಬೇಕು, ಎಂಜಿನಿಯರ್ ಆಗಬೇಕು ಅನ್ನುವ ಮಾತು ಸ್ವಲ್ಪ ದಿನ ಬದಿಗಿಡಿ. ಊರಿನ ನೆಂಟರಿಗೆ, ಇಲ್ಲಿನ ಕೂಟದವರಿಗೆ ಈ ವಿಷಯ ಯಾಕೆ ಬೇಕು? ಅವಳ ಅನುಮತಿ ಇಲ್ಲದೆ ಯಾರಿಗೂ ಹೇಳಬೇಡಿ.

ಈಗ ಸೆಮಿಸ್ಟರ್ ಅರ್ಧ ಆಗಿರಬೇಕು. ಇವತ್ತೇ ನೋಡಬೇಕಾದ್ದು ಕೋರ್ಸ್ ವಿತ್‌ಡ್ರಾ ಮಾಡಲು, ಅಂದರೆ ನಡುವೆಯೇ ಬಿಡಲು, ಕೊನೆಯ ದಿನ ಯಾವುದು ಅಂತ. ಯಾವ ಕೋರ್ಸ್ ಖಂಡಿತ ಎಫ್ (ಫೇಲ್) ಆಗುತ್ತದೋ ಅದನ್ನು ಆ ದಿನದ ಒಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಡಬ್ಲ್ಯೂ (ವಿತ್‌ಡ್ರಾ ಮಾಡಿದ ಗುರುತು) ಬರುತ್ತದೆ, ಜಿಪಿಎ ಕೆಡುವುದಿಲ್ಲ. ಆದರೆ ಸುಮ್ನೆ ಬಿಟ್ಟುಬಿಡಬೇಡಿ. ಸರ್ಕಾರದ ಸಹಾಯಧನ ಅಥವಾ ಸಾಲ ಪಡೆಯುತ್ತಿದ್ದರೆ ಅದಕ್ಕೆ ಬೇರೆಯದೇ ಲೆಕ್ಕ ಇದೆ. ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ (ಪ್ರತಿ ಕೋರ್ಸಿನ ತೂಕದ ಲೆಕ್ಕ) ಸಾಮಾನ್ಯವಾಗಿ ಶೇಕಡಾ 67ರಷ್ಟನ್ನು ಮುಗಿಸಿರಬೇಕು, ಮತ್ತು ಡಬ್ಲ್ಯೂ ಅಲ್ಲಿ ಮುಗಿಸದ ಕ್ರೆಡಿಟ್ ಆಗಿ ಸೇರುತ್ತದೆ. ಎಲ್ಲ ಕೋರ್ಸನ್ನೂ ಸೆಮಿಸ್ಟರ್‌ನ ಶೇಕಡಾ 60 ಮುಗಿಯುವ ಮೊದಲೇ ಬಿಟ್ಟರೆ ಆ ಹಣದಲ್ಲಿ ಒಂದು ಭಾಗ ವಾಪಸ್ ಹೋಗುತ್ತದೆ. ಆಮೇಲೆ ಕಾಲೇಜಿನ ಬಾಕಿ ನಿಮ್ಮ ಮೇಲೆ ಬೀಳಬಹುದು.

ಇಲ್ಲಿ ಬಹಳ ಜನ ಎಡವುತ್ತಾರೆ. ಕಾಲೇಜಿನ ಪ್ರೊಬೇಷನ್ ಬೇರೆ, ಸಹಾಯಧನದ ಪ್ರೊಬೇಷನ್ ಬೇರೆ. ಒಂದು ಕಡೆ ಅಪೀಲ್ ಗೆದ್ದರೆ ಇನ್ನೊಂದು ಕಡೆಯೂ ಗೆದ್ದಂತಲ್ಲ. ಎರಡು ಕಡೆಯೂ ಕೇಳಬೇಕು.

ಜಿಪಿಎ ಮೇಲೆತ್ತುವ ಲೆಕ್ಕವನ್ನು ಅವಳ ಜೊತೆ ಕೂತು ಮಾಡಿ. 15 ಕ್ರೆಡಿಟ್‌ಗೆ 1.4 ಬಂದಿದೆ ಅಂದುಕೊಳ್ಳಿ. ಮುಂದಿನ 15 ಕ್ರೆಡಿಟ್‌ನಲ್ಲಿ 2.6 ಬಂದರೆ ಒಟ್ಟು 2.0 ಆಗುತ್ತದೆ. ಇದು ಆಗದ ಮಾತಲ್ಲ. ಅದೇ 60 ಕ್ರೆಡಿಟ್ ಆದ ಮೇಲೆ 1.6 ಇದ್ದರೆ ಒಂದೇ ಸೆಮಿಸ್ಟರ್‌ನಲ್ಲಿ ಸರಿಪಡಿಸಲು 3.6 ಬೇಕು. ಅದಕ್ಕೇ ಮೊದಲ ವರ್ಷದಲ್ಲಿ ಎಚ್ಚೆತ್ತುಕೊಂಡರೆ ಕೆಲಸ ಹಗುರ. ಇನ್ನೊಂದು ದಾರಿಯೂ ಇದೆ. ಹಲವು ಕಾಲೇಜುಗಳಲ್ಲಿ ಫೇಲಾದ ಕೋರ್ಸನ್ನು ಮತ್ತೆ ತೆಗೆದುಕೊಂಡರೆ ಹೊಸ ಗ್ರೇಡು ಹಳೆಯದರ ಜಾಗಕ್ಕೆ ಬರುತ್ತದೆ. ಆ 1.4ರಲ್ಲಿ 4 ಕ್ರೆಡಿಟ್‌ನ ಒಂದು ಎಫ್ ಇದ್ದು, ಅದು ಬಿ ಆದರೆ ಸಾಕು, ಜಿಪಿಎ 2.2ಕ್ಕೆ ಏರುತ್ತದೆ! ಕೆಲವು ಕಡೆ ಎರಡರ ಸರಾಸರಿ ತೆಗೆಯುತ್ತಾರೆ, ಹಾಗಾಗಿ ಅವಳೇ ಅಡ್ವೈಸರ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಲಿ.

ಯಾಕೆ ಹಿಂದೆ ಬಿದ್ದಳು ಅನ್ನುವುದನ್ನು ನಿಧಾನವಾಗಿ ಕೇಳಿ. ಹೈಸ್ಕೂಲಿನಲ್ಲಿ ಕಷ್ಟಪಡದೆ ಮೇಲೆ ಬಂದ ಮಕ್ಕಳಿಗೆ ಸಹಾಯ ಕೇಳುವುದೇ ಗೊತ್ತಿರುವುದಿಲ್ಲ. ಪ್ರೊಫೆಸರ್ ಬಾಗಿಲು ತಟ್ಟುವುದು ಸೋಲು ಅಂತ ಅಂದುಕೊಂಡಿರುತ್ತಾರೆ. ಖಿನ್ನತೆ, ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಮೊದಲ ಸಲ ಪತ್ತೆಯಾಗುವುದೂ ಎಷ್ಟೋ ಸಲ ಈ ವಯಸ್ಸಿನಲ್ಲೇ. ಸ್ಕೂಲಿನಲ್ಲಿ ಐಇಪಿ (ವಿಶೇಷ ನೆರವು ಬೇಕಾದ ಮಕ್ಕಳಿಗೆ ಸ್ಕೂಲು ಮಾಡುವ ಯೋಜನೆ) ಇದ್ದ ಮಕ್ಕಳು ನೆನಪಿಡಿ: ಕಾಲೇಜಿಗೆ ಅದು ತಾನಾಗಿ ಬರುವುದಿಲ್ಲ. ಅಲ್ಲಿನ ಡಿಸೆಬಿಲಿಟಿ ಆಫೀಸಿನಲ್ಲಿ ಮಕ್ಕಳೇ ಹೋಗಿ ಹೆಸರು ಬರೆಸಬೇಕು. ಅವಳು ತುಂಬಾ ಕುಗ್ಗಿದ್ದಾಳೆ ಅನಿಸಿದರೆ, ಅಥವಾ ಬದುಕೇ ಬೇಡ ಅನ್ನುವ ಮಾತು ಬಂದರೆ, ಗ್ರೇಡಿನ ವಿಷಯ ಆಮೇಲೆ ನೋಡಿ. ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಮೆಸೇಜ್ ಕಳಿಸಬಹುದು.

ವೀಸಾ ವಿಷಯ ನಮ್ಮವರಿಗೆ ಬಹಳ ಮುಖ್ಯ. ಇಲ್ಲೇ ಬೆಳೆದ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಕುಟುಂಬದ ವೀಸಾ) ಮಕ್ಕಳು ಅಮೆರಿಕದಲ್ಲೇ ಓದು ಮುಂದುವರಿಸಲು 21 ತುಂಬುವ ಮೊದಲೇ ಎಫ್-1ಗೆ (ವಿದ್ಯಾರ್ಥಿ ವೀಸಾ) ಬದಲಾಗಲು ಅರ್ಜಿ ಹಾಕುತ್ತಾರೆ, ಅಲ್ವಾ? ಎಚ್-4ನಲ್ಲಿರುವಾಗ ಸಸ್ಪೆನ್ಷನ್ ಆದರೆ ವೀಸಾಕ್ಕೆ ತೊಂದರೆ ಇಲ್ಲ. ಎಫ್-1ನಲ್ಲಿ ಓದು ನಿಂತರೆ ಇಲ್ಲಿ ಇರುವ ಹಕ್ಕೇ ಹೋಗಬಹುದು. ಎಫ್-1ನಲ್ಲಿ ಡಿಗ್ರಿ ಓದುವವರು ಸೆಮಿಸ್ಟರ್‌ಗೆ ಸಾಮಾನ್ಯವಾಗಿ 12 ಕ್ರೆಡಿಟ್ ಇಟ್ಟುಕೊಳ್ಳಲೇಬೇಕು. ಅದಕ್ಕಿಂತ ಇಳಿಸಬೇಕಾದರೆ ಕಾಲೇಜಿನ ಡಿಎಸ್ಓ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡುವ ಅಧಿಕಾರಿ) ಮೊದಲೇ ಒಪ್ಪಬೇಕು, ಬಿಟ್ಟ ಮೇಲೆ ಕೇಳಿದರೆ ತಡವಾಗುತ್ತದೆ. ಸಸ್ಪೆನ್ಷನ್ ಸುಳಿವು ಸಿಕ್ಕ ಕೂಡಲೇ, ಅದು ಜಾರಿಯಾಗುವ ಮೊದಲೇ, ಬೇರೆ ಕಾಲೇಜಿಗೆ ವರ್ಗ ಆಗಬಹುದೇ ಎಂದು ಅವರನ್ನೇ ಕೇಳಿ.

ಒಂದು ವೇಳೆ ಮುಂದೆ ಸಸ್ಪೆನ್ಷನ್ ಆದರೂ ಅಪೀಲ್ ಇದೆ. ಪತ್ರ ಅವಳೇ ಬರೆಯಬೇಕು. ನೀವು ಬರೆದುಕೊಟ್ಟರೆ ಓದುವವರಿಗೆ ಗೊತ್ತಾಗುತ್ತದೆ. ಏನಾಯಿತು, ಅದಕ್ಕೆ ದಾಖಲೆ ಏನು, ಈಗ ಏನು ಬದಲಾಗಿದೆ, ಇಷ್ಟು ಇದ್ದರೆ ಸಾಕು. ಹೊರಗಿರುವ ಸಮಯದಲ್ಲಿ ಕಮ್ಯೂನಿಟಿ ಕಾಲೇಜಿನಲ್ಲಿ ಓದುವುದಾದರೆ ಆ ಕ್ರೆಡಿಟ್ ಒಪ್ಪುತ್ತೇವೆ ಅಂತ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಕ್ರೆಡಿಟ್ ಬಂದರೂ ಆ ಗ್ರೇಡು ಜಿಪಿಎಗೆ ಸೇರದ ಕಾಲೇಜುಗಳೇ ಜಾಸ್ತಿ. ಇನ್ಶೂರೆನ್ಸ್ ಚಿಂತೆ ಬೇಡ. ಮಕ್ಕಳನ್ನು ಸೇರಿಸಿಕೊಳ್ಳುವ ಪ್ಲಾನ್ ನಿಮ್ಮದಾಗಿದ್ದರೆ, ಓದಲಿ ಬಿಡಲಿ, 26 ವರ್ಷದವರೆಗೆ ಅದರಲ್ಲಿ ಇರಬಹುದು.

ಕಾಲೇಜಿನ ಹೆಸರು ಇಲ್ಲಿ ಹಾಕಬೇಡಿ. ಅವಳು ಒಪ್ಪಿದರೆ ಪತ್ರದಲ್ಲಿರುವ ಷರತ್ತುಗಳನ್ನು ಮತ್ತು ವಿತ್‌ಡ್ರಾ ಮಾಡುವ ಕೊನೆಯ ದಿನವನ್ನು ನನಗೆ ಬೇರೆಯಾಗಿ ಕಳಿಸಿ. ಯಾವ ಕೋರ್ಸ್ ಉಳಿಸಿಕೊಳ್ಳಬೇಕು, ಯಾವುದು ಬಿಡಬೇಕು ಅಂತ ಈ ವಾರವೇ ಒಟ್ಟಿಗೆ ನೋಡೋಣ.